ಬೈರಾಡ್ಸ್ ಸೊನ್ನೆ ಎಂದರೆ ‘ಏನೂ ಇಲ್ಲ’ ಅಂತಲ್ಲ: ಡೈ ಹಾಕಿ ತೆಗೆಯುವ ಮ್ಯಾಮೋಗ್ರಾಂಗೆ ಹೊರಡುವ ಮುನ್ನ

ತೊಂಡೇಬಾವಿಯಲ್ಲೋ ಗೌರಿಬಿದನೂರಿನಲ್ಲೋ ಬೆಳಗಿನ ರೈಲು ಹತ್ತಿ, ಬೆಂಗಳೂರಿನಲ್ಲಿ ಮ್ಯಾಮೋಗ್ರಾಂ ಮಾಡಿಸಿಕೊಂಡು ಸಂಜೆಗೆ ಮನೆ ಸೇರುವ ಹೆಣ್ಣುಮಕ್ಕಳ ಚೀಲದಲ್ಲಿ ಒಮ್ಮೊಮ್ಮೆ ಇಂಥ ವರದಿ ಇರುತ್ತದೆ: ‘ಸ್ತನದ ಸಾಂದ್ರತೆ ಸಿ. ಬೈರಾಡ್ಸ್ 0. ಹೆಚ್ಚಿನ ತಪಾಸಣೆ ಬೇಕು.’ ಬರೆದಿರುವುದು ಇಂಗ್ಲಿಷಿನಲ್ಲಿ. ಮನೆಯಲ್ಲಿ ಓದಿಕೊಂಡ ಹುಡುಗರು ಸೊನ್ನೆ ನೋಡಿ ‘ಏನೂ ಇಲ್ವಂತೆ ಬಿಡಮ್ಮ’ ಅಂದುಬಿಡುತ್ತಾರೆ. ವರದಿ ಬೀರು ಸೇರುತ್ತದೆ, ಒಳಗೆ ಗಡ್ಡೆ ಇದ್ದರೆ ಅದು ಇದ್ದಲ್ಲೇ ಇರುತ್ತದೆ.

ವೈದ್ಯರ ಲೆಕ್ಕದಲ್ಲಿ ಆ ಸೊನ್ನೆಗೆ ಅರ್ಥ ಬೇರೆ. ‘ಈ ಚಿತ್ರ ನೋಡಿ ತೀರ್ಮಾನ ಹೇಳಲಾಗದು, ಇನ್ನೊಂದು ಪರೀಕ್ಷೆ ಮಾಡಿಸಿ’ ಎಂಬುದೇ ಅದು. ಆ ಇನ್ನೊಂದು ಪರೀಕ್ಷೆ ಬಹಳ ಸಲ ಅಲ್ಟ್ರಾಸೌಂಡ್, ಕೆಲವು ಸಲ ಎಂಆರ್‌ಐ. ಈಚೆಗೆ ದೊಡ್ಡ ಊರುಗಳ ಕೆಲವು ಆಸ್ಪತ್ರೆಗಳಲ್ಲಿ ‘ಕಾಂಟ್ರಾಸ್ಟ್ ಮ್ಯಾಮೋಗ್ರಾಂ’ ಎಂದೂ ಬರೆದುಕೊಡುತ್ತಾರೆ. ಜನರ ಮಾತಿನಲ್ಲಿ ಹೇಳುವುದಾದರೆ, ಡೈ ಹಾಕಿ ತೆಗೆಯುವ ಮ್ಯಾಮೋಗ್ರಾಂ. ಅದು ಯಾರಿಗೆ ಬೇಕು, ಬೆಂಗಳೂರಿಗೆ ಹೋದದ್ದು ವ್ಯರ್ಥವಾಗದಂತೆ ಹೇಗೆ ತಯಾರಾಗಬೇಕು, ವರದಿ ಬಂದ ಮೇಲೆ ಏನು ಮಾಡಬೇಕು ಎಂಬುದನ್ನು ಇಲ್ಲಿ ನೋಡೋಣ.

ಮಾಮೂಲಿ ಮ್ಯಾಮೋಗ್ರಾಂ ಎಲ್ಲಿ ಎಡವುತ್ತದೆ?

ಮ್ಯಾಮೋಗ್ರಾಂ ಎಂದರೆ ಸ್ತನದ ಎಕ್ಸ್‌ರೇ. ಅದರಲ್ಲಿ ಕೊಬ್ಬು ಕಪ್ಪಗೆ ಕಾಣುತ್ತದೆ, ಹಾಲಿನ ಗ್ರಂಥಿ ಮತ್ತು ನಾರಿನ ಭಾಗ ಬೆಳ್ಳಗೆ ಕಾಣುತ್ತದೆ. ತೊಂದರೆ ಏನೆಂದರೆ ಕ್ಯಾನ್ಸರ್ ಗಡ್ಡೆಯೂ ಬೆಳ್ಳಗೇ ಕಾಣುತ್ತದೆ. ಸ್ತನದಲ್ಲಿ ಕೊಬ್ಬು ಹೆಚ್ಚಿದ್ದರೆ ಗಡ್ಡೆ ಎದ್ದು ಕಾಣುತ್ತದೆ. ಗ್ರಂಥಿಯೇ ಹೆಚ್ಚಿದ್ದರೆ ಅದನ್ನು ಹುಡುಕುವುದು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬಿಳಿ ಗೂಡಿನ ರಾಶಿಯೊಳಗೆ ಒಂದು ಬಿಳಿ ಕಲ್ಲು ಹುಡುಕಿದ ಹಾಗೆ.

ಈ ದಟ್ಟತನವನ್ನು ರೇಡಿಯಾಲಜಿ ವೈದ್ಯರು ಎ, ಬಿ, ಸಿ, ಡಿ ಎಂದು ಅಳೆಯುತ್ತಾರೆ. ಸಿ ಮತ್ತು ಡಿ ಎಂದರೆ ದಟ್ಟ ಸ್ತನ. ಇದು ರೋಗವಲ್ಲ. ಕೈಯಲ್ಲಿ ಮುಟ್ಟಿ ನೋಡಿ ತಿಳಿಯುವಂಥದ್ದೂ ಅಲ್ಲ. ವಯಸ್ಸು ಕಡಿಮೆಯಿದ್ದಷ್ಟೂ ಸ್ತನ ದಟ್ಟವಾಗಿರುವ ಸಾಧ್ಯತೆ ಹೆಚ್ಚು. ಪಶ್ಚಿಮದ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಸ್ತನ ಕ್ಯಾನ್ಸರ್ ಸರಾಸರಿ ಹತ್ತು ವರ್ಷದಷ್ಟು ಮೊದಲೇ ಕಾಣಿಸಿಕೊಳ್ಳುವುದರಿಂದ ಈ ತೊಡಕು ನಮಗೆ ಇನ್ನೂ ಹತ್ತಿರದ್ದು.

ಡೈ ಏನು ಮಾಡುತ್ತದೆ?

ಕ್ಯಾನ್ಸರ್ ಬೆಳೆಯಲು ರಕ್ತ ಬೇಕು. ಅದಕ್ಕಾಗಿ ಅದು ತನ್ನ ಸುತ್ತ ಹೊಸ ರಕ್ತನಾಳಗಳನ್ನು ಹುಟ್ಟಿಸಿಕೊಳ್ಳುತ್ತದೆ. ಅವಸರದಲ್ಲಿ ಹುಟ್ಟಿದ ಆ ನಾಳಗಳು ಸೋರುತ್ತವೆ. ತೋಳಿನ ರಕ್ತನಾಳಕ್ಕೆ ಅಯೋಡಿನ್ ಇರುವ ದ್ರವ ಕೊಟ್ಟರೆ ಅದು ರಕ್ತದೊಡನೆ ಹರಿದು, ಸೋರುವ ಜಾಗದಲ್ಲಿ ಹೆಚ್ಚಾಗಿ ನಿಲ್ಲುತ್ತದೆ.

ಮುಂದಿನದು ಎಕ್ಸ್‌ರೇಯ ಕೆಲಸ. ಕಿರಣದ ಶಕ್ತಿ 33 ಕಿಲೋ ಎಲೆಕ್ಟ್ರಾನ್ ವೋಲ್ಟ್ ದಾಟುತ್ತಿದ್ದಂತೆ ಅಯೋಡಿನ್ ಅದನ್ನು ಒಮ್ಮೆಲೇ ಹೆಚ್ಚು ಹೀರತೊಡಗುತ್ತದೆ. ಹಾಗಾಗಿ ಪ್ರತಿ ಕೋನದಲ್ಲೂ ಬೆನ್ನುಬೆನ್ನಿಗೆ ಎರಡು ಚಿತ್ರ ತೆಗೆಯುತ್ತಾರೆ, ಒಂದು ಕಡಿಮೆ ಶಕ್ತಿಯದು, ಇನ್ನೊಂದು ಹೆಚ್ಚು ಶಕ್ತಿಯದು. ಎರಡನ್ನೂ ಕಂಪ್ಯೂಟರಿನಲ್ಲಿ ಸೇರಿಸಿ ಲೆಕ್ಕ ಹಾಕಿದಾಗ ಗ್ರಂಥಿಯ ಬಿಳುಪು ಅಳಿದು, ಅಯೋಡಿನ್ ನಿಂತ ಜಾಗ ಮಾತ್ರ ಹೊಳೆಯುತ್ತದೆ. ಕಡಿಮೆ ಶಕ್ತಿಯ ಚಿತ್ರ ಮಾಮೂಲಿ ಮ್ಯಾಮೋಗ್ರಾಂಗೆ ಸಮ. ಆದ್ದರಿಂದ ಒಂದೇ ದಿನ ಎರಡಕ್ಕೂ ಬೇರೆ ಬೇರೆ ದುಡ್ಡು ಕಟ್ಟುವ ಮುನ್ನ ‘ಎರಡೂ ಬೇಕೇ?’ ಎಂದು ಕೇಳಿ.

ಈ ವಿಧಾನಕ್ಕೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಬ್ರಿಟನ್ನಿನಲ್ಲಿ ದಟ್ಟ ಸ್ತನವಿದ್ದು, ಮಾಮೂಲಿ ಮ್ಯಾಮೋಗ್ರಾಂನಲ್ಲಿ ‘ಸರಿಯಿದೆ’ ಎಂದು ಬಂದಿದ್ದ 9 ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ‘ಬ್ರೈಡ್’ ಅಧ್ಯಯನದ ಫಲಿತಾಂಶ 2025ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಪ್ರತಿ ಸಾವಿರ ತಪಾಸಣೆಗೆ ಡೈ ಮ್ಯಾಮೋಗ್ರಾಂ ಸುಮಾರು 19, ಚುಟುಕು ಎಂಆರ್‌ಐ ಸುಮಾರು 17, ಯಂತ್ರಚಾಲಿತ ಅಲ್ಟ್ರಾಸೌಂಡ್ ಸುಮಾರು 4 ಕ್ಯಾನ್ಸರ್‌ಗಳನ್ನು ಹೆಚ್ಚುವರಿಯಾಗಿ ಪತ್ತೆ ಮಾಡಿದ್ದವು. ಎಂಆರ್‌ಐಗೆ ಹತ್ತಿರದ ಕೆಲಸವನ್ನು ಕಡಿಮೆ ಹೊತ್ತಿನಲ್ಲಿ ಮಾಡುತ್ತದೆ ಎಂಬುದೇ ಇದರ ಹೆಚ್ಚುಗಾರಿಕೆ.

ಆದರೆ ಮೊದಲ ಮೆಟ್ಟಿಲು ಇದಲ್ಲ

ಯಾವ ತೊಂದರೆಯೂ ಇಲ್ಲದವರು ‘ಹೊಸದು ಬಂದಿದೆಯಂತೆ’ ಎಂದು ನೇರ ಈ ಪರೀಕ್ಷೆಗೆ ಓಡುವ ಅಗತ್ಯವಿಲ್ಲ. ಸರ್ಕಾರಿ ಕಾರ್ಯಕ್ರಮದಲ್ಲಿ 30 ದಾಟಿದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ತರಬೇತಿ ಪಡೆದವರು ಕೈಯಿಂದಲೇ ಸ್ತನ ಪರೀಕ್ಷೆ ಮಾಡಬೇಕೆಂದಿದೆ. ಅದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ; ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ಆರೋಗ್ಯ ಕೇಂದ್ರದಲ್ಲಿ, ಯಾವ ದಿನ ಎಂದು ಹೇಳುತ್ತಾರೆ.

ಕೈಪರೀಕ್ಷೆಯನ್ನು ಹಗುರವಾಗಿ ಎಣಿಸಬೇಡಿ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು ಒಂದೂವರೆ ಲಕ್ಷ ಮಹಿಳೆಯರನ್ನು ಸುಮಾರು 20 ವರ್ಷ ಗಮನಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಎರಡು ವರ್ಷಕ್ಕೊಮ್ಮೆ ಕೈಪರೀಕ್ಷೆ ಮಾಡಿದವರು ವೈದ್ಯರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಆದರೂ ರೋಗ ಮೊದಲ ಹಂತದಲ್ಲೇ ಸಿಗುವುದು ಹೆಚ್ಚಾಯಿತು, 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ 30ರಷ್ಟು ತಗ್ಗಿತು.

ಹಾಗಾಗಿ ಕ್ರಮ ಹೀಗಿರಲಿ: ಮೊದಲು ಕೈಪರೀಕ್ಷೆ, ಅನುಮಾನ ಬಂದರೆ ವಯಸ್ಸು ನೋಡಿ ಮ್ಯಾಮೋಗ್ರಾಂ ಅಥವಾ ಅಲ್ಟ್ರಾಸೌಂಡ್, ಅಲ್ಲೂ ತೀರ್ಮಾನವಾಗದಿದ್ದರೆ ಡೈ ಮ್ಯಾಮೋಗ್ರಾಂ ಅಥವಾ ಎಂಆರ್‌ಐ, ಕೊನೆಯ ಮಾತು ಬಯಾಪ್ಸಿಯದು (ಸೂಜಿಯಿಂದ ಗಡ್ಡೆಯ ಚೂರು ತೆಗೆದು ನೋಡುವ ಪರೀಕ್ಷೆ).

ಯಾರಿಗೆ ಉಪಯೋಗ?

1. ಮ್ಯಾಮೋಗ್ರಾಂ, ಅಲ್ಟ್ರಾಸೌಂಡ್ ಎರಡೂ ಆಗಿ, ಎರಡೂ ಬೇರೆ ಬೇರೆ ಮಾತು ಹೇಳುತ್ತಿರುವವರಿಗೆ.

2. ಕ್ಯಾನ್ಸರ್ ಖಚಿತವಾಗಿದ್ದು, ಗಡ್ಡೆ ಎಷ್ಟು ದೊಡ್ಡದು, ಅದೇ ಸ್ತನದಲ್ಲಿ ಇನ್ನೊಂದಿದೆಯೇ, ಪಕ್ಕದ ಸ್ತನದಲ್ಲಿದೆಯೇ ಎಂದು ಆಪರೇಷನ್‌ಗೆ ಮೊದಲು ತಿಳಿಯಬೇಕಾದವರಿಗೆ. ಇಡೀ ಸ್ತನ ತೆಗೆಯಬೇಕೋ, ಗಡ್ಡೆಯಷ್ಟನ್ನೇ ತೆಗೆದರೆ ಸಾಕೋ ಎಂಬ ತೀರ್ಮಾನಕ್ಕೆ ಇದು ನೆರವಾಗುತ್ತದೆ.

3. ಆಪರೇಷನ್‌ಗೆ ಮೊದಲೇ ಕೀಮೋ ಕೊಡುತ್ತಿದ್ದು, ಗಡ್ಡೆ ಕರಗುತ್ತಿದೆಯೇ ಎಂದು ನೋಡಬೇಕಾದವರಿಗೆ.

4. ಎಂಆರ್‌ಐ ಬೇಕು ಎಂದಿದ್ದರೂ ಪೇಸ್‌ಮೇಕರ್ ಕಾರಣಕ್ಕೋ, ಕೊಳವೆಯೊಳಗೆ ಮಲಗಲು ಉಸಿರು ಕಟ್ಟಿದಂತಾಗುವ ಭಯಕ್ಕೋ ಅದು ಆಗದವರಿಗೆ.

ಗರ್ಭಿಣಿಯರಿಗೆ ಈ ಪರೀಕ್ಷೆ ಮಾಡುವುದಿಲ್ಲ. ಹಿಂದೆ ಸಿ.ಟಿ. ಸ್ಕ್ಯಾನಿನಲ್ಲಿ ಡೈ ಹಾಕಿದಾಗ ಉಸಿರಾಟ ಕಟ್ಟಿದ್ದು, ಬಿ.ಪಿ. ಕುಸಿದದ್ದು ಇದ್ದರೆ, ಕಿಡ್ನಿ ತೀರಾ ದುರ್ಬಲವಾಗಿದ್ದರೆ ವೈದ್ಯರು ಬೇರೆ ದಾರಿ ನೋಡುತ್ತಾರೆ. ಹಾಲೂಡಿಸುವ ತಾಯಂದಿರಿಗೆ ಹೆದರಿಕೆ ಬೇಡ: ಹಾಲಿಗೆ ಇಳಿಯುವ ಡೈ ಅತ್ಯಲ್ಪ, ಹಾಲೂಡಿಸುವುದನ್ನು ಮುಂದುವರಿಸಬಹುದು. ಪರೀಕ್ಷೆಗೆ ಸ್ವಲ್ಪ ಮೊದಲು ಮಗುವಿಗೆ ಹಾಲು ಕುಡಿಸಿದರೆ ಎದೆ ಹಗುರಾಗಿ ಚಿತ್ರವೂ ಚೆನ್ನಾಗಿ ಬರುತ್ತದೆ.

ಊರಿನಿಂದ ಹೊರಡುವ ಮುನ್ನ

1. ಫೋನ್ ಮಾಡಿ ಕೇಳಿ. ಮ್ಯಾಮೋಗ್ರಾಂ ಯಂತ್ರ ಇರುವ ಎಲ್ಲೆಡೆ ಡೈ ಪರೀಕ್ಷೆ ಇರುವುದಿಲ್ಲ. ಮೂರು ಪ್ರಶ್ನೆ ಕೇಳಿ: ಕಾಂಟ್ರಾಸ್ಟ್ ಮ್ಯಾಮೋಗ್ರಾಂ ನಿಮ್ಮಲ್ಲಿ ಇದೆಯೇ? ಯಾವ ದಿನ ಬರಬೇಕು? ಡೈಯಲ್ಲಿ ಮಾತ್ರ ಕಾಣುವ ಚುಕ್ಕೆ ಸಿಕ್ಕರೆ ಅದರ ಬಯಾಪ್ಸಿಯೂ ನಿಮ್ಮಲ್ಲೇ ಆಗುತ್ತದೆಯೇ? ಮೂರನೆಯದನ್ನು ಮರೆಯಬೇಡಿ. ಆ ಸೌಲಭ್ಯ ಇರುವ ಕಡೆಗಳು ಬಲು ಕಡಿಮೆ.

2. ಕ್ರಿಯಾಟಿನಿನ್ ರಕ್ತಪರೀಕ್ಷೆ ಊರಲ್ಲೇ ಮಾಡಿಸಿ. ಡೈ ಹೊರಹೋಗುವುದು ಕಿಡ್ನಿಯ ಮೂಲಕ. ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರಿಗೆ, ವಯಸ್ಸಾದವರಿಗೆ ಈ ವರದಿ ಇಲ್ಲದೆ ಪರೀಕ್ಷೆ ಮಾಡುವುದಿಲ್ಲ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಎಲ್ಲೆಡೆ ಇದು ಆಗುತ್ತದೆ. ಈ ಒಂದು ಚೀಟಿ ಇಲ್ಲದ್ದಕ್ಕೆ ಬರಿಗೈಲಿ ವಾಪಸಾಗಬೇಡಿ.

3. ನುಂಗುವ ಮಾತ್ರೆಗಳ ಚೀಟಿ ಒಯ್ಯಿರಿ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ನಿಲ್ಲಿಸಬೇಕೇ ಬೇಡವೇ ಎಂಬುದು ಕಿಡ್ನಿ ವರದಿಯ ಮೇಲೆ ನಿಂತಿದೆ, ನೀವಾಗಿಯೇ ನಿಲ್ಲಿಸಬೇಡಿ. ಮಂಡಿ ನೋವಿಗೆ, ಸೊಂಟ ನೋವಿಗೆ ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತಂದು ನುಂಗುವ ಅಭ್ಯಾಸ ಇದ್ದರೆ ಅದನ್ನೂ ಹೇಳಿ, ಅವೂ ಕಿಡ್ನಿಗೆ ಭಾರ. ಥೈರಾಯ್ಡ್ ತೊಂದರೆ ಇದ್ದರೆ ತಿಳಿಸಿ.

4. ದಿನ ಆರಿಸಿಕೊಳ್ಳಿ. ಮುಟ್ಟು ನಿಲ್ಲದವರಿಗೆ ಮುಟ್ಟಾದ 7ರಿಂದ 14ನೇ ದಿನದೊಳಗೆ ಒಳ್ಳೆಯದು. ಆಗ ಆರೋಗ್ಯವಂತ ಗ್ರಂಥಿ ಡೈಯನ್ನು ಕಡಿಮೆ ಹೀರುತ್ತದೆ, ಒತ್ತುವಾಗ ನೋವೂ ಕಡಿಮೆ. ಆದರೆ ಗಡ್ಡೆ ಕೈಗೆ ಸಿಕ್ಕಿದ್ದರೆ ಈ ಲೆಕ್ಕಕ್ಕಾಗಿ ಕಾಯಬೇಡಿ.

5. ಹಳೆಯ ಫಿಲ್ಮ್, ಸಿ.ಡಿ., ವರದಿ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ. ಹೋದ ವರ್ಷ ಹೇಗಿತ್ತು, ಈಗ ಹೇಗಿದೆ ಎಂದು ಹೋಲಿಸಿ ನೋಡಿದಾಗಲೇ ಎಷ್ಟೋ ಅನುಮಾನ ತೀರುತ್ತದೆ.

6. ದುಡ್ಡಿನ ವಿಷಯ ಮೊದಲೇ ಕೇಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ಆದರೆ ಚಿಕಿತ್ಸೆಗೆ ಸಿಗುವುದೆಲ್ಲ ತಪಾಸಣೆಗೂ ಸಿಗುತ್ತದೆ ಎಂದುಕೊಳ್ಳಬೇಡಿ. ರೇಷನ್ ಕಾರ್ಡ್, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಹಿಡಿದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು (ಯೋಜನೆಯ ಸಹಾಯ ಸಿಬ್ಬಂದಿ) ಕಂಡು, ಈ ಪರೀಕ್ಷೆ ಯೋಜನೆಯಡಿ ಬರುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಬೆಂಗಳೂರಿನ ಕಿದ್ವಾಯಿ ಸರ್ಕಾರದ ಕ್ಯಾನ್ಸರ್ ಆಸ್ಪತ್ರೆ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಮೊದಲು ಅಲ್ಲಿನ ಹೊರರೋಗಿ ವಿಭಾಗಕ್ಕೆ ಹೋಗಿ ಸಲಹೆ ಪಡೆಯಬಹುದು.

7. ಜೊತೆಗೆ ಒಬ್ಬರಿರಲಿ. ಡೈ ಕೊಟ್ಟ ಮೇಲೆ ಒಬ್ಬರೇ ರೈಲು ಹತ್ತುವುದು ಬೇಡ.

ಪರೀಕ್ಷೆಯ ದಿನ

ಕಂಕುಳಿಗೆ, ಎದೆಗೆ ಪೌಡರ್, ಸೆಂಟ್, ಮುಲಾಮು ಹಚ್ಚಬೇಡಿ. ಅವುಗಳಲ್ಲಿರುವ ಲೋಹದ ಕಣಗಳು ಚಿತ್ರದಲ್ಲಿ ಸುಣ್ಣದ ಚುಕ್ಕೆಗಳಂತೆ ಬಿದ್ದು ಅನುಮಾನ ಹುಟ್ಟಿಸುತ್ತವೆ. ಸೊಂಟದ ಮೇಲಿನ ಬಟ್ಟೆಯಷ್ಟನ್ನೇ ಬಿಚ್ಚಲು ಬರುವಂಥ ಉಡುಪು ಹಾಕಿಕೊಳ್ಳಿ. ಸೀರೆ-ರವಿಕೆ ಸರಿ, ಚೂಡಿದಾರವೂ ಸರಿ.

ಸರ, ಬಳೆ ಮನೆಯಲ್ಲೇ ಬಿಟ್ಟು ಬನ್ನಿ. ತಾಳಿ ತೆಗೆಯಲು ಎಷ್ಟೋ ಜನರಿಗೆ ಮನಸ್ಸು ಬರುವುದಿಲ್ಲ. ಸಂಕೋಚ ಬೇಡ, ಟೆಕ್ನಿಷಿಯನ್ ಅಮ್ಮನಿಗೆ ಮೊದಲೇ ಹೇಳಿ. ಸರವನ್ನು ಬೆನ್ನ ಕಡೆ ಸರಿಸಿ ಚಿತ್ರ ತೆಗೆಯಲು ಸಾಧ್ಯವೇ ಎಂದು ನೋಡುತ್ತಾರೆ. ಚಿತ್ರಕ್ಕೆ ಅಡ್ಡ ಬರುವುದಾದರೆ ಅಷ್ಟು ಹೊತ್ತು ಅರಿಶಿನ ದಾರಕ್ಕೆ ಬದಲಾಯಿಸಿಕೊಳ್ಳುವವರೂ ಇದ್ದಾರೆ.

ಎಷ್ಟು ಹೊತ್ತು ಉಪವಾಸ ಇರಬೇಕೆಂದು ಆಸ್ಪತ್ರೆಯವರನ್ನೇ ಕೇಳಿ, ಒಂದೊಂದು ಕಡೆ ಒಂದೊಂದು ಕ್ರಮ. ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ ಬೆಳಗಿನ ರೈಲು ಹತ್ತಿದರೆ ದೊಡ್ಡಬಳ್ಳಾಪುರ ತಲುಪುವಷ್ಟರಲ್ಲಿ ಬೆವತು ಸುಸ್ತಾಗಬಹುದು. ಅವರು ಈ ಮಾತನ್ನು ಹಿಂದಿನ ದಿನವೇ ಇತ್ಯರ್ಥ ಮಾಡಿಕೊಳ್ಳಬೇಕು.

ಒಳಗೆ ನಡೆಯುವುದು ಇಷ್ಟು. ತೋಳಿಗೆ ಒಂದು ಸೂಜಿ ಕೂರಿಸುತ್ತಾರೆ. ದೇಹದ ತೂಕಕ್ಕೆ ತಕ್ಕಂತೆ, ಸಾಮಾನ್ಯವಾಗಿ ಕಿಲೋಗೆ 1.5 ಮಿ.ಲೀ. ಲೆಕ್ಕದಲ್ಲಿ ಡೈ ಕೊಡುತ್ತಾರೆ. 60 ಕಿಲೋ ತೂಗುವವರಿಗೆ ಸುಮಾರು 90 ಮಿ.ಲೀ. ಅದು ಒಳಹೋಗುವಾಗ ಗಂಟಲಿನಿಂದ ಹೊಟ್ಟೆಯ ಕೆಳಗಿನವರೆಗೆ ಬಿಸಿ ಇಳಿದಂತಾಗುತ್ತದೆ. ಬಾಯಲ್ಲಿ ಲೋಹದ ರುಚಿ. ಕುಳಿತಲ್ಲೇ ಉಚ್ಚೆ ಹೋಯಿತೇನೋ ಎಂದು ಗಾಬರಿಯಾಗುತ್ತದೆ, ಹೋಗಿರುವುದಿಲ್ಲ. ಒಂದೆರಡು ನಿಮಿಷದಲ್ಲಿ ಎಲ್ಲ ತಣ್ಣಗಾಗುತ್ತದೆ.

ಡೈ ಕೊಟ್ಟು ಎರಡು ನಿಮಿಷ ಕಾದ ಮೇಲೆ ಮಾಮೂಲಿ ಮ್ಯಾಮೋಗ್ರಾಂನಂತೆಯೇ ಸ್ತನವನ್ನು ಎರಡು ಹಲಗೆಗಳ ನಡುವೆ ಒತ್ತಿ ಚಿತ್ರ ತೆಗೆಯುತ್ತಾರೆ. ಎರಡೂ ಸ್ತನದ ಚಿತ್ರ ಮುಗಿಯಲು ಹತ್ತು ನಿಮಿಷ ಮೀರುವುದಿಲ್ಲ. ಎರಡು ಚಿತ್ರಗಳ ನಡುವೆ ಅಲುಗಾಡಿದರೆ ಲೆಕ್ಕ ಕೆಡುತ್ತದೆ, ಆದ್ದರಿಂದ ‘ಆಯಿತು’ ಎನ್ನುವವರೆಗೆ ಬಿಗಿಯಾಗಿ ನಿಲ್ಲಿ.

ಎಚ್ಚರಿಕೆಗಳು

- ಮೈ ಕೆರೆತ, ದದ್ದು, ಸೀನು, ಗಂಟಲು ಬಿಗಿತ, ಉಸಿರಾಟಕ್ಕೆ ಕಷ್ಟ ಇವುಗಳಲ್ಲಿ ಯಾವುದು ಕಂಡರೂ ಆ ಕ್ಷಣವೇ ಹೇಳಿ. ಹೆಚ್ಚಿನವು ಸಣ್ಣ ಪ್ರತಿಕ್ರಿಯೆಗಳೇ, ಗಂಭೀರವಾದದ್ದು ಅಪರೂಪ. ಆದರೂ ಪರೀಕ್ಷೆ ಮುಗಿದು ಅರ್ಧ ಗಂಟೆ ಆಸ್ಪತ್ರೆಯಲ್ಲೇ ಕುಳಿತಿದ್ದು ಹೊರಡಿ.
- ಆಸ್ತಮಾ ಇದ್ದವರು, ಔಷಧಿ ಅಲರ್ಜಿ ಇದ್ದವರು ಮೊದಲೇ ತಿಳಿಸಬೇಕು. ಮೀನು ತಿಂದರೆ ಅಲರ್ಜಿ ಆಗುವುದಕ್ಕೂ ಅಯೋಡಿನ್ ಡೈಗೂ ನೇರ ನಂಟಿಲ್ಲ.
- ಸೂಜಿಯ ಜಾಗ ಊದಿ ಉರಿಯುತ್ತಿದ್ದರೆ ಡೈ ನಾಳದ ಹೊರಗೆ ಸೋರಿರಬಹುದು. ಕೂಡಲೇ ಹೇಳಿ.
- ಹಿಂದೆ ಸ್ತನದ ಆಪರೇಷನ್ ಆಗಿ ಕಂಕುಳ ಗ್ರಂಥಿ ತೆಗೆದಿದ್ದರೆ ಆ ಕಡೆಯ ಕೈಗೆ ಸೂಜಿ ಬೇಡವೆಂದು ನೀವೇ ನೆನಪಿಸಿ.
- ವಿಕಿರಣ ಮಾಮೂಲಿ ಮ್ಯಾಮೋಗ್ರಾಂಗಿಂತ ಸ್ವಲ್ಪ ಹೆಚ್ಚು. ಕಾರಣವಿದ್ದಾಗ ಅದು ಹೆದರುವಂಥದ್ದಲ್ಲ, ಕಾರಣವಿಲ್ಲದಾಗ ಬೇಡ.
- ಮನೆಗೆ ಬಂದ ಮೇಲೆ ನೀರು ಚೆನ್ನಾಗಿ ಕುಡಿಯಿರಿ. ದದ್ದು ಕೆಲವು ಗಂಟೆ ಅಥವಾ ಒಂದೆರಡು ದಿನ ತಡವಾಗಿಯೂ ಏಳಬಹುದು.

ವರದಿ ಓದುವುದು ಹೇಗೆ?

ಬೈರಾಡ್ಸ್ ಅಂಕಿ ಮಾರ್ಕ್ಸ್ ಕಾರ್ಡಲ್ಲ, ಮುಂದೇನು ಮಾಡಬೇಕೆಂಬ ಸೂಚನೆ.

- 0: ತೀರ್ಮಾನ ಆಗಿಲ್ಲ, ಮತ್ತೊಂದು ಪರೀಕ್ಷೆ ಬೇಕು.
- 1, 2: ಕ್ಯಾನ್ಸರಿನ ಲಕ್ಷಣವಿಲ್ಲ.
- 3: ಬಹುತೇಕ ನಿರಪಾಯ, ಕ್ಯಾನ್ಸರ್ ಇರುವ ಸಾಧ್ಯತೆ ಶೇ 2 ಮೀರದು. ಸಾಮಾನ್ಯವಾಗಿ ಆರು ತಿಂಗಳ ನಂತರ ಮತ್ತೆ ನೋಡುತ್ತಾರೆ.
- 4: ಅನುಮಾನವಿದೆ, ಬಯಾಪ್ಸಿ ಬೇಕು.
- 5: ಕ್ಯಾನ್ಸರ್ ಇರುವ ಸಾಧ್ಯತೆ ಶೇ 95 ಅಥವಾ ಅದಕ್ಕೂ ಹೆಚ್ಚು, ಬಯಾಪ್ಸಿ ಬೇಕೇ ಬೇಕು.
- 6: ಬಯಾಪ್ಸಿಯಲ್ಲಿ ಈಗಾಗಲೇ ಖಚಿತವಾದದ್ದು.

ಚಿತ್ರದಲ್ಲಿ ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ. ಫೈಬ್ರೋಅಡಿನೋಮಾ ಎಂಬ ನಿರಪಾಯ ಗಡ್ಡೆಯೂ, ಉರಿಯೂತವಾದ ನೀರುಗುಳ್ಳೆಯೂ ಹೊಳೆಯಬಹುದು. ಹೊಳೆಯದ್ದೆಲ್ಲ ನಿರಪಾಯವೂ ಅಲ್ಲ. ಹಾಲಿನ ನಾಳದೊಳಗೇ ಇರುವ ಆರಂಭದ ಕೆಲವು ಕ್ಯಾನ್ಸರ್‌ಗಳು ಡೈ ಹೀರದೆ, ಸುಣ್ಣದ ಸಣ್ಣ ಚುಕ್ಕೆಗಳಾಗಿ ಮಾತ್ರ ಕಾಣುತ್ತವೆ. ಹಾಗಾಗಿಯೇ ವೈದ್ಯರು ಎರಡೂ ಬಗೆಯ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಓದುತ್ತಾರೆ.

ಡೈಯಲ್ಲಿ ಹೊಸ ಚುಕ್ಕೆ ಕಂಡರೆ ಅದೇ ಜಾಗಕ್ಕೆ ಗುರಿಯಿಟ್ಟು ಮತ್ತೊಮ್ಮೆ ಅಲ್ಟ್ರಾಸೌಂಡ್ ಮಾಡುತ್ತಾರೆ. ಅಲ್ಲಿ ಕಂಡರೆ ಅದರ ನೆರವಿನಲ್ಲೇ ಸೂಜಿ ಹಾಕುವುದು ಸುಲಭ.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ‘ನೋವಿಲ್ಲವಲ್ಲ, ಬಿಡು’ ಎನ್ನುವುದು. ಕ್ಯಾನ್ಸರ್ ಗಡ್ಡೆ ಹೆಚ್ಚಾಗಿ ಮೊದಲಿಗೆ ನೋಯುವುದೇ ಇಲ್ಲ. ಗಡ್ಡೆ, ಚರ್ಮದಲ್ಲಿ ಗುಳಿ, ಹೊಸದಾಗಿ ಒಳಕ್ಕೆ ಎಳೆದುಕೊಂಡ ತೊಟ್ಟು, ತೊಟ್ಟಿನಿಂದ ರಕ್ತ, ಕಂಕುಳಲ್ಲಿ ಗಂಟು, ಕಿತ್ತಳೆ ಸಿಪ್ಪೆಯಂತಾದ ಚರ್ಮ: ಇವುಗಳಲ್ಲಿ ಒಂದು ಕಂಡರೂ ಸಾಕು, ವೈದ್ಯರ ಬಳಿ ಹೋಗಿ.

2. ಚಿತ್ರ ಸರಿಯಿದೆಯೆಂದು ಗಡ್ಡೆಯನ್ನು ಮರೆಯುವುದು. ಕೈಗೆ ಸಿಗುವ ಗಡ್ಡೆಗೆ ಉತ್ತರ ಸಿಗುವವರೆಗೂ ತಪಾಸಣೆ ಮುಗಿದಿಲ್ಲ. ಯಾವ ಸ್ಕ್ಯಾನೂ ಈ ಮಾತಿಗೆ ಹೊರತಲ್ಲ.

3. ಸೂಜಿ ಚುಚ್ಚಿದರೆ ಹರಡುತ್ತದೆಂಬ ಭಯ. ಇದಕ್ಕೆ ಆಧಾರವಿಲ್ಲ. ಬಯಾಪ್ಸಿ ಮಾಡದಿದ್ದರೆ ಯಾವ ಬಗೆಯ ಕ್ಯಾನ್ಸರ್, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದೇ ತಿಳಿಯುವುದಿಲ್ಲ.

4. ಬಯಾಪ್ಸಿಗೆ ಮೊದಲೇ ಗಡ್ಡೆ ಕೊಯ್ಯಿಸಿಬಿಡುವುದು. ‘ಸಣ್ಣದಿದೆ, ತೆಗೆದುಬಿಡೋಣ’ ಎಂದು ಯಾರಾದರೂ ಹೇಳಿದರೆ ‘ಮೊದಲು ಸೂಜಿ ಬಯಾಪ್ಸಿ ಆಗಲಿ’ ಎನ್ನಿ. ಕೊಯ್ದ ಮೇಲೆ ಕ್ಯಾನ್ಸರ್ ಎಂದು ಬಂದರೆ ಹೆಚ್ಚಾಗಿ ಎರಡನೇ ಆಪರೇಷನ್ ಬೇಕಾಗುತ್ತದೆ. ಡೈ ಮ್ಯಾಮೋಗ್ರಾಂ ಬೇಕೆಂದಿದ್ದರೆ, ಸಾಧ್ಯವಾದಷ್ಟು ಬಯಾಪ್ಸಿಗೂ ಮೊದಲೇ ಆಗಲಿ. ಸೂಜಿ ಹಾಕಿದ ಜಾಗದ ರಕ್ತಗಟ್ಟು ಚಿತ್ರವನ್ನು ಗೊಂದಲ ಮಾಡುತ್ತದೆ.

5. ಸೊಪ್ಪಿನ ಪಟ್ಟು ಹಾಕಿ ನೋಡೋಣ ಎನ್ನುವುದು. ಚರ್ಮ ಸುಟ್ಟು ಹುಣ್ಣಾದರೆ ಮುಂದಿನ ಪರೀಕ್ಷೆ, ಆಪರೇಷನ್ ಎರಡೂ ಕಷ್ಟವಾಗುತ್ತವೆ.

6. ಕೆಲಸದ ನೆಪದಲ್ಲಿ ಮುಂದೂಡುವುದು. ರೇಷ್ಮೆ ಸಾಕುವ ಮನೆಯಲ್ಲಿ ‘ಹುಳವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ಮೇಲೆ ಹೋದರಾಯಿತು’ ಎನ್ನುತ್ತಾರೆ. ಆ ಬೆಳೆ ಮುಗಿಯುವಷ್ಟರಲ್ಲಿ ಮುಂದಿನ ಚಾಕಿ (ಮರಿಹುಳ) ಬಂದಿರುತ್ತದೆ. ಹಸು ಕಟ್ಟಿದವರಿಗಂತೂ ಬಿಡುವೇ ಇಲ್ಲ. ಹಾಲು ಕರೆಯುವುದನ್ನು, ಸೊಪ್ಪು ಹಾಕುವುದನ್ನು ಮನೆಯ ಗಂಡಸರು ಒಂದು ದಿನ ವಹಿಸಿಕೊಂಡರೆ ಆಕೆ ಆಸ್ಪತ್ರೆಗೆ ಹೋಗಿ ಬರಬಹುದು.

ಆಸ್ಪತ್ರೆಯಿಂದ ಹೊರಬರುವ ಮುನ್ನ

ವರದಿ ಕೈಗೆ ಬಂದಾಗ ವೈದ್ಯರನ್ನು ನಾಲ್ಕು ಮಾತು ಕೇಳಿ: ನನ್ನ ಬೈರಾಡ್ಸ್ ಅಂಕಿ ಎಷ್ಟು? ಬಯಾಪ್ಸಿ ಬೇಕೇ? ಬೇಕಿದ್ದರೆ ಎಲ್ಲಿ, ಯಾವ ದಿನ? ಬೇಡವಾದರೆ ಮತ್ತೆ ಯಾವಾಗ ಬರಬೇಕು? ಉತ್ತರವನ್ನು ಚೀಟಿಯ ಮೇಲೆ ಕನ್ನಡದಲ್ಲೇ ಬರೆಸಿಕೊಳ್ಳಿ, ಅಥವಾ ಜೊತೆಗೆ ಬಂದವರು ಬರೆದುಕೊಳ್ಳಲಿ. ಡೈ ಪರೀಕ್ಷೆ ಅನುಮಾನವನ್ನು ಕಿರಿದು ಮಾಡಿಕೊಡುತ್ತದೆ, ರೋಗ ವಾಸಿಯಾಗುವುದು ಅದರ ಮುಂದಿನ ಹೆಜ್ಜೆಗಳಿಂದ. ಆದ್ದರಿಂದ ಮುಂದಿನ ತಾರೀಖು ಬರೆಸಿಕೊಳ್ಳದೆ ವಾಪಸಿನ ರೈಲು ಹತ್ತಬೇಡಿ.